ಜಾಲತಾಣದ ಒಡಲು ಮತ್ತು ಉಡುಪು

ಕೆಲವು ವರ್ಷಗಳ ಹಿಂದೆ ಪುಸ್ತಕದ ಕಪಾಟನ್ನು ಒಪ್ಪಮಾಡುತ್ತಿದ್ದಾಗ ಹಳೆಯದೊಂದು ಸಿ.ಡಿ. ಕೈಗೆ ಸಿಕ್ಕಿತು. ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನಾಲ್ವರು ಗೆಳೆಯರು ಸೇರಿ, ಒಂದು ಬೇಸಗೆಯ ರಜೆಯನ್ನೆಲ್ಲ ವೆಚ್ಚಮಾಡಿ, ನಮ್ಮ ಸೀಮೆಯನ್ನು ಕುರಿತು ಬರೆದ ಲೇಖನಗಳು ಅದರಲ್ಲಿದ್ದುವು. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟು, ಚಿಂಚೋಳಿಯ ಕಾಡು, ಸೇಡಂ ಮತ್ತು ಚಿತ್ತಾಪುರದ ತೊಗರಿಯ ಹೊಲಗಳು, ಹೀಗೆ ಒಂದೊಂದು ವಿಷಯವನ್ನು ಒಬ್ಬೊಬ್ಬನು ಹಂಚಿಕೊಂಡು ಬರೆದಿದ್ದೆವು. ಬಹಳ ಆಸೆಯಿಂದ ಅದನ್ನು ಗಣಕಯಂತ್ರಕ್ಕೆ ಹಾಕಿ ತೆರೆದೆ. ತೆರೆಯುವುದೇನೋ ತೆರೆಯಿತು. ಆದರೆ ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಕಾಣಲಿಲ್ಲ. ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಾಲುಗಳು, ನಡುನಡುವೆ ಇಂಗ್ಲೆಂಡಿನ ಪೌಂಡಿನ ಗುರುತು! ‘ಕನ್ನಡ’ ಎಂಬ ಮಾತು ಇರಬೇಕಾದ ಕಡೆಯಲ್ಲಿಯೇ ಆ ಪೌಂಡು ಕುಳಿತಿತ್ತು.

ಈ ನಿರಾಸೆಯ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿರಿ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಆ ಕಾಲದ ಅಕ್ಷರಗಳನ್ನು ಇಂದು ನಮ್ಮ ಮುಂದೆ ಇಟ್ಟರೆ ಲಿಪಿತಜ್ಞರ ನೆರವಿಲ್ಲದೆ ನಾವು ಓದಲಾರೆವು. ಆದರೂ ಆ ಗ್ರಂಥವನ್ನು ಇಂದಿನ ಅಚ್ಚಿನಲ್ಲಿ ಓದುತ್ತಿದ್ದೇವೆ. ಓಲೆಯಿಂದ ಓಲೆಗೆ ಅದನ್ನು ನಕಲುಮಾಡಿದ ಲಿಪಿಕಾರರು ತಮ್ಮ ಕಾಲದ ಅಕ್ಷರದ ಆಕಾರವನ್ನು ಬಳಸಿದರು, ಮಾತನ್ನು ಮಾತ್ರ ಹಾಗೆಯೇ ಉಳಿಸಿಕೊಂಡು ಬಂದರು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚುಹಾಕಿಸಿದಾಗ ಆಕಾರವು ಮತ್ತೊಮ್ಮೆ ಬದಲಾಯಿತು, ಮಾತು ಉಳಿಯಿತು.

ಸಾವಿರದ ನೂರು ವರ್ಷಗಳಿಗೂ ಹಿಂದಿನ ಗ್ರಂಥವು ಉಳಿದಿದೆ. ಹದಿನೈದು ವರ್ಷಗಳ ಹಿಂದಿನ ನಮ್ಮ ಲೇಖನಗಳು ಕಾಣದಂತಾದುವು. ಇದಕ್ಕೆ ಕಾರಣವೇನು? ನಾವು ಮಾತನ್ನೂ ಅದರ ಆಕಾರವನ್ನೂ ಬಿಡಿಸಲಾಗದಂತೆ ಒಂದಕ್ಕೊಂದು ಬೆಸೆದುಬಿಟ್ಟಿದ್ದೆವು. ಇಂದು ವಿದ್ಯಾರ್ಥಿಗಳಾದ ನಿಮ್ಮಲ್ಲಿ ಅನೇಕರು ಸ್ವಂತ ಜಾಲತಾಣವೊಂದನ್ನು ಕಟ್ಟಿ ಅದರಲ್ಲಿ ಬರೆಯಬೇಕೆಂದು ಬಯಸುವಿರಿ. ಹಾಗೆ ಬಯಸುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು ಒಡಲು ಬೇರೆ, ಉಡುಪು ಬೇರೆ ಎಂಬ ಈ ತತ್ತ್ವವನ್ನು. ಮಿಕ್ಕ ಕೆಲಸವೆಲ್ಲ ಇದನ್ನು ಅನುಸರಿಸಿ ಬರುತ್ತದೆ.

ಅಕ್ಷರಕ್ಕೊಂದು ಸಂಖ್ಯೆ

ಗಣಕಯಂತ್ರಕ್ಕೆ ಅಕ್ಷರದ ಗುರುತಿಲ್ಲ. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗುತ್ತದೆ. ಮೊದಮೊದಲಿನ ಏರ್ಪಾಟುಗಳಲ್ಲಿ ಇಂಥ ಸಂಖ್ಯೆಗಳಿಗೆ ಇದ್ದ ಸ್ಥಾನಗಳು 256 ಮಾತ್ರ. ಅವುಗಳಲ್ಲಿ ಬಹುಪಾಲನ್ನು ರೋಮನ್ ಅಕ್ಷರಗಳೂ ಯೂರೋಪಿನ ಚಿಹ್ನೆಗಳೂ ಆಕ್ರಮಿಸಿಕೊಂಡಿದ್ದುವು. ಕನ್ನಡಕ್ಕೆ ಸ್ವಂತ ಸ್ಥಾನವಿರಲಿಲ್ಲ. ಆಗ ನಮ್ಮವರು ಒಂದು ಉಪಾಯವನ್ನು ಹೂಡಿದರು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಮೊದಲಾದ ತುಣುಕುಗಳ ಚಿತ್ರಗಳನ್ನು ಕೂರಿಸಿ ಫಾಂಟುಗಳನ್ನು ಮಾಡಿದರು. ಆ ಫಾಂಟು ಇರುವ ಯಂತ್ರದಲ್ಲಿ ಕನ್ನಡವು ಅಂದವಾಗಿಯೇ ಕಾಣುತ್ತಿತ್ತು. ಅದನ್ನು ತೆಗೆದುಬಿಟ್ಟರೆ ಒಳಗಿದ್ದ ಪೌಂಡು ಹೊರಬೀಳುತ್ತಿತ್ತು. ಆ ಕಾಲದಲ್ಲಿ ಕನ್ನಡಕ್ಕೆ ಅದೇ ದಾರಿ. ಅದನ್ನು ಹಾಕಿಕೊಟ್ಟವರಿಗೆ ನಾವು ಋಣಿಗಳು. 1996ರಲ್ಲಿ ಯು. ಬಿ. ಪವನಜರು ‘ವಿಶ್ವಕನ್ನಡ’ವನ್ನು ಜಾಲದಲ್ಲಿ ಆರಂಭಿಸಿದುದು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ಬಂದುದು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಕಚೇರಿಗಳಲ್ಲಿ ಬಳಕೆಗೆ ಬಂದುದು, ಇವೆಲ್ಲ ಆ ಹಾದಿಯ ಮೈಲಿಗಲ್ಲುಗಳು.

ಈ ತೊಡಕನ್ನು ಬುಡಸಹಿತ ಕಿತ್ತುಹಾಕಿದುದು ಯೂನಿಕೋಡ್ ಎಂಬ ಏರ್ಪಾಟು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟರು. ‘ಕ’ ಎಂಬ ಅಕ್ಷರದ ಸಂಖ್ಯೆ 3221. ಬೆಂಗಳೂರಿನಲ್ಲಾಗಲಿ ಬರ್ಲಿನ್ನಿನಲ್ಲಾಗಲಿ, ಯಾವ ಯಂತ್ರದಲ್ಲಾಗಲಿ ಅದು 3221. ಅದನ್ನು ದಪ್ಪನಾಗಿ ಬರೆಯಬೇಕೆ, ತೆಳ್ಳಗೆ ಬರೆಯಬೇಕೆ ಎಂಬುದು ಫಾಂಟಿಗೆ ಸೇರಿದ ವಿಚಾರ.

‘ಸ್ತ್ರೀ’ ಎಂಬುದನ್ನೇ ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ಇದು ಒಂದೇ ಅಕ್ಷರ. ಯಂತ್ರದ ಒಳಗೆ ಇದು ಆರು ಸಂಖ್ಯೆಗಳ ಸಾಲು: ‘ಸ’ಕಾರಕ್ಕೆ 3256, ವಿರಾಮಚಿಹ್ನೆಗೆ 3277, ‘ತ’ಕಾರಕ್ಕೆ 3236, ಮತ್ತೊಂದು ವಿರಾಮಕ್ಕೆ 3277, ‘ರ’ಕಾರಕ್ಕೆ 3248, ‘ಈ’ಕಾರದ ಚಿಹ್ನೆಗೆ 3264. ನಾವು ಬಾಯಿಂದ ಉಚ್ಚರಿಸುವ ಕ್ರಮದಲ್ಲಿಯೇ ಸಂಖ್ಯೆಗಳು ನಿಲ್ಲುತ್ತವೆ. ಅವುಗಳನ್ನು ಮೇಲೆ ಕೆಳಗೆ ಜೋಡಿಸಿ ಒಂದು ಆಕೃತಿಯನ್ನಾಗಿ ಮಾಡುವ ಹೊಣೆ ಫಾಂಟಿನದು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತನ್ನೊಡನೆ ‘ತುಂಗಾ’ ಎಂಬ ಕನ್ನಡದ ಯೂನಿಕೋಡ್ ಫಾಂಟನ್ನು ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅಂದಿನಿಂದ ಕನ್ನಡದ ಮಾತು ತನ್ನ ಆಕಾರದ ಸೆರೆಯಿಂದ ಬಿಡುಗಡೆಯಾಯಿತೆಂದು ಹೇಳಬಹುದು.

ಆದುದರಿಂದ ಜಾಲತಾಣವನ್ನು ಕಟ್ಟಹೊರಟವರು ಪಾಲಿಸಬೇಕಾದ ಮೊದಲನೆಯ ನಿಯಮ ಇದು: ಬರೆಯುವುದನ್ನೆಲ್ಲ ಯೂನಿಕೋಡಿನಲ್ಲಿಯೇ ಬರೆಯಬೇಕು. ಹಳೆಯ ಫಾಂಟಿನಲ್ಲಿ ಬರೆದಿಟ್ಟ ಲೇಖನಗಳಿದ್ದರೆ ಪರಿವರ್ತಕ ತಂತ್ರಾಂಶಗಳ ಮೂಲಕ ಅವನ್ನು ಮಾರ್ಪಡಿಸಿ, ಒತ್ತಕ್ಷರಗಳ ಕಡೆ ಕಣ್ಣಿಟ್ಟು ತಿದ್ದಬೇಕು. ನಮ್ಮ ಸಿ.ಡಿ.ಯ ಲೇಖನಗಳನ್ನು ನಾನು ಮರಳಿ ಪಡೆದುದು ಹೀಗೆಯೇ.

ಉಡುಪನ್ನು ಬೇರ್ಪಡಿಸಿದ ಬಗೆ

ಅಕ್ಷರಕ್ಕೆ ಅನ್ವಯಿಸಿದ ತತ್ತ್ವವೇ ಇಡೀ ಪುಟಕ್ಕೂ ಅನ್ವಯಿಸುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಸಂಸ್ಥೆಯನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲಿರಷ್ಟೆ. ಪರಮಾಣುವಿನ ಒಡಲನ್ನು ಬಗೆದುನೋಡುವ ಆ ಸಂಸ್ಥೆಯಲ್ಲಿಯೇ 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಅದು ಹೊರಗಿನ ಲೋಕಕ್ಕೆ ತೆರೆಯಿತು. ಪುಟಗಳನ್ನು ಬರೆಯಲು ಅವರು ರೂಪಿಸಿದ ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆಯಲ್ಲಿ ಬರಹದ ಅಂಗಾಂಗಗಳನ್ನು ಹೆಸರಿಸುವುದೇ ಮುಖ್ಯ. ಇದು ತಲೆಬರಹ, ಇದು ವಾಕ್ಯವೃಂದ, ಇದು ಪಟ್ಟಿ, ಇದು ಚಿತ್ರ, ಹೀಗೆ.

ಆದರೆ ಜನರಿಗೆ ಅಂದವೂ ಬೇಕು. ಕೆಲವೇ ವರ್ಷಗಳಲ್ಲಿ ಪುಟಗಳನ್ನು ಬರೆಯುವವರು ಪ್ರತಿಯೊಂದು ವಾಕ್ಯದ ಪಕ್ಕದಲ್ಲಿಯೂ ಬಣ್ಣ, ಗಾತ್ರ, ಅಂಚು ಎಂದು ತುರುಕಲಾರಂಭಿಸಿದರು. ನೂರು ಪುಟಗಳ ತಾಣದಲ್ಲಿ ತಲೆಬರಹದ ಬಣ್ಣವನ್ನು ಬದಲಿಸಬೇಕಾದರೆ ನೂರು ಕಡೆ ಕೈಹಾಕಬೇಕಾಯಿತು. 1994ರಲ್ಲಿ ನಾರ್ವೆ ದೇಶದ ಹೋಕನ್ ವೀಯುಮ್ ಲೀ ಎಂಬವರು ಇದಕ್ಕೊಂದು ಪರಿಹಾರವನ್ನು ಸೂಚಿಸಿದರು. ಅಂದಕ್ಕೆ ಸಂಬಂಧಪಟ್ಟ ಆಜ್ಞೆಗಳನ್ನೆಲ್ಲ ಪುಟದಿಂದ ಕಿತ್ತು ಬೇರೊಂದು ಹಾಳೆಯಲ್ಲಿ ಬರೆದಿಡುವುದು. ‘ತಲೆಬರಹಗಳೆಲ್ಲ ಕೆಂಪಾಗಿರಲಿ’ ಎಂದು ಆ ಹಾಳೆಯಲ್ಲಿ ಒಮ್ಮೆ ಬರೆದರೆ ನೂರು ಪುಟಗಳ ತಲೆಬರಹಗಳೂ ಕೆಂಪಾಗುತ್ತವೆ. ಈ ಹಾಳೆಯನ್ನು ನಾವು ಶೈಲಿಪತ್ರವೆನ್ನೋಣ. ಅದರ ರೂಢಿಯ ಹೆಸರು ಸಿ.ಎಸ್.ಎಸ್. 1996ರ ಡಿಸೆಂಬರಿನಲ್ಲಿ ಅದು ಮಾನ್ಯತೆ ಪಡೆದು ಪ್ರಮಾಣವಾಯಿತು.

ಇದರ ಶಕ್ತಿಯನ್ನು ತೋರಿಸಲು 2003ರಲ್ಲಿ ಕೆನಡದ ಡೇವ್ ಶೇ ಎಂಬವರು ಒಂದು ಸೊಗಸಾದ ಪ್ರದರ್ಶನವನ್ನು ಏರ್ಪಡಿಸಿದರು. ಒಂದೇ ಪುಟವನ್ನು ಎಲ್ಲರಿಗೂ ಕೊಟ್ಟು, ಅದರ ಒಂದಕ್ಷರವನ್ನೂ ಮುಟ್ಟದೆ ಬರಿಯ ಶೈಲಿಪತ್ರದಿಂದ ಅದನ್ನು ಸಿಂಗರಿಸಿರೆಂದು ಕರೆಕೊಟ್ಟರು. ಒಬ್ಬರು ಮಾಡಿದ ಪುಟವು ಇನ್ನೊಬ್ಬರದರಂತೆ ಕಾಣಲಿಲ್ಲ. ಓದಿ ನೋಡಿದರೆ ಮಾತು ಮಾತ್ರ ಎಲ್ಲದರಲ್ಲಿಯೂ ಒಂದೇ.

ನೀವೂ ಈ ಪ್ರಯೋಗವನ್ನು ಮಾಡಿ ನೋಡಬಹುದು. ಗಣಕದಲ್ಲಿ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಯಾವುದಾದರೊಂದು ಪುಟವನ್ನು ತೆರೆದು, ನೋಟಕ್ಕೆ ಸಂಬಂಧಪಟ್ಟ ಪಟ್ಟಿಯಲ್ಲಿ ಪುಟದ ಶೈಲಿಯನ್ನು ‘ಬೇಡ’ ಎಂದು ಆರಿಸಿರಿ. ಬಣ್ಣವೂ ಅಂಕಣಗಳೂ ಮಾಯವಾಗಿ ಬಿಳಿಯ ಹಾಳೆಯ ಮೇಲೆ ಕರಿಯ ಬರಹವೊಂದೇ ಉಳಿಯುತ್ತದೆ. ಆಗಲೂ ಅದು ಕ್ರಮವಾಗಿ ಓದಲು ಬರುವಂತಿದ್ದರೆ ಪುಟವನ್ನು ಕಟ್ಟಿದವರು ಬಲ್ಲವರೆಂದು ತಿಳಿಯಿರಿ.

ತಾಣವನ್ನು ಕಟ್ಟುವ ಕ್ರಮ

ಇನ್ನು ಕಟ್ಟಡದ ಕೆಲಸಕ್ಕೆ ಬರೋಣ. ಮನೆ ಕಟ್ಟುವವನಿಗೆ ವಿಳಾಸ, ನಿವೇಶನ, ಕಟ್ಟಡ ಎಂಬ ಮೂರು ಬೇಕಾಗುವಂತೆ ಜಾಲತಾಣಕ್ಕೂ ಮೂರು ಬೇಕು. ವಿಳಾಸವೆಂದರೆ ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ನೋಂದಾಯಿಸಿಕೊಳ್ಳುವ ಹೆಸರು. ನಿವೇಶನವೆಂದರೆ ಹಗಲಿರುಳೂ ಜಾಲಕ್ಕೆ ಸೇರಿಕೊಂಡಿರುವ ಸರ್ವರ್ ಯಂತ್ರದಲ್ಲಿ ಬಾಡಿಗೆಗೆ ಪಡೆಯುವ ಜಾಗ. ಮೊದಲ ಅಭ್ಯಾಸಕ್ಕೆ ಹಣವಿಲ್ಲದೆ ದೊರೆಯುವ ತಾಣಗಳೂ ಉಂಟು. ಸ್ವಂತ ಗಣಕದಲ್ಲಿಯೇ ತಾಣವನ್ನು ಕಟ್ಟಿ ಪರೀಕ್ಷಿಸಲೂ ಬರುತ್ತದೆ. ಕಟ್ಟಡವೆಂದರೆ ಬರಹಗಳನ್ನು ಒಪ್ಪವಾಗಿ ಇಡುವ ತಂತ್ರಾಂಶ. ಇಂಥವುಗಳಲ್ಲಿ ವರ್ಡ್‌ಪ್ರೆಸ್ ಎಂಬುದು ಬಹಳ ಪ್ರಸಿದ್ಧ. ಅಮೆರಿಕದ ಮ್ಯಾಟ್ ಮುಲ್ಲನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಅದನ್ನು 2003ರ ಮೇ ತಿಂಗಳಲ್ಲಿ ಬಿಡುಗಡೆಮಾಡಿದರು. ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು ಎಂಬುದು ಅದರ ಕರಾರು. ಲೋಕದ ಜಾಲತಾಣಗಳಲ್ಲಿ ಐದಕ್ಕೆ ಎರಡರಷ್ಟು ಇಂದು ಅದರ ಮೇಲೆಯೇ ನಿಂತಿವೆ.

ಈ ತಂತ್ರಾಂಶವು ಕೆಲಸಮಾಡುವ ರೀತಿ ಗಮನಿಸತಕ್ಕದ್ದು. ನಾವು ಓದುವ ಪುಟವು ಸರ್ವರಿನಲ್ಲಿ ಪುಟದ ರೂಪದಲ್ಲಿ ಇರುವುದೇ ಇಲ್ಲ. ಬರಹಗಳು, ಅವುಗಳ ದಿನಾಂಕ, ಬರೆದವರ ಹೆಸರು, ಇವು ದತ್ತಸಂಚಯವೆಂಬ ಕಣಜದಲ್ಲಿ ಇರುತ್ತವೆ. ಪುಟದ ಅಚ್ಚುಗಳೂ ಶೈಲಿಪತ್ರವೂ ಬೇರೊಂದು ಕಡೆ ಇರುತ್ತವೆ. ಅಚ್ಚು, ಶೈಲಿಪತ್ರಗಳ ಈ ಕಟ್ಟಿಗೇ ಥೀಮ್ ಎಂದು ಹೆಸರು. ಓದುಗನೊಬ್ಬನು ವಿಳಾಸವನ್ನು ಕರೆದೊಡನೆ ತಂತ್ರಾಂಶವು ಕಣಜದಿಂದ ಬರಹವನ್ನು ತೆಗೆದು, ಥೀಮಿನ ಅಚ್ಚಿಗೆ ಸುರಿದು, ಆ ಕ್ಷಣದಲ್ಲಿ ಪುಟವನ್ನು ಸಿದ್ಧಮಾಡಿ ಕಳುಹಿಸುತ್ತದೆ. ವಾಡಿಯಂಥ ದೊಡ್ಡ ಜಂಕ್ಷನ್ನಿನಲ್ಲಿ ಇಂಜಿನ್ನನ್ನು ಬದಲಿಸಿದರೂ ಗಾಡಿಯಲ್ಲಿ ಕುಳಿತ ಪ್ರಯಾಣಿಕರು ಕುಳಿತಲ್ಲೇ ಇರುವಂತೆ, ಥೀಮನ್ನು ಬದಲಿಸಿದರೂ ಬರಹಗಳು ಕಣಜದಲ್ಲಿ ಕದಲದೆ ಇರುತ್ತವೆ.

ವರ್ಡ್‌ಪ್ರೆಸ್ಸಿಗೆ ಥೀಮ್‌ಗಳು ಬಂದುದು 2005ರ ಫೆಬ್ರುವರಿಯಲ್ಲಿ ಹೊರಬಿದ್ದ 1.5ನೆಯ ಆವೃತ್ತಿಯಲ್ಲಿ. ಇಂದು ಸಾವಿರಾರು ಥೀಮ್‌ಗಳು ಹಣವಿಲ್ಲದೆ ದೊರೆಯುತ್ತವೆ. ಹೊಸಬರು ಚಲಿಸುವ ಚಿತ್ರಪಟಗಳನ್ನೂ ಹಾರಾಡುವ ಅಕ್ಷರಗಳನ್ನೂ ಕಂಡು ಮರುಳಾಗುವುದುಂಟು. ಬರೆದುದನ್ನು ಓದಿಸುವುದೇ ನಿಮ್ಮ ಉದ್ದೇಶವಾದರೆ ಒಂದೇ ಅಂಕಣದ, ಸರಳವಾದ ಥೀಮನ್ನು ಆರಿಸಿಕೊಳ್ಳಿರಿ. ನಮ್ಮ ಸೀಮೆಯ ಓದುಗರಲ್ಲಿ ಹೆಚ್ಚಿನವರು ಮೊಬೈಲ್ ಫೋನಿನಲ್ಲಿ ಓದುವವರು. ಪರದೆಯ ಅಗಲವನ್ನು ನೋಡಿಕೊಂಡು ತಾನೇ ಹೊಂದಿಕೊಳ್ಳುವ ಗುಣ ಥೀಮಿನಲ್ಲಿ ಇದೆಯೆ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಉಡುಪನ್ನು ಕನ್ನಡದ ಮೈಗೆ ಹೊಲಿಯುವುದು

ಥೀಮ್‌ಗಳನ್ನು ಮಾಡುವವರಲ್ಲಿ ಬಹುಮಂದಿ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ. ಅದನ್ನು ಹಾಗೆಯೇ ಕನ್ನಡಕ್ಕೆ ತೊಡಿಸಿದರೆ ಪರರ ಅಳತೆಗೆ ಹೊಲಿದ ಅಂಗಿಯಂತೆ ಅಲ್ಲಲ್ಲಿ ಬಿಗಿಯುತ್ತದೆ, ಅಲ್ಲಲ್ಲಿ ಜೋಲುತ್ತದೆ. ಎಲ್ಲೆಲ್ಲಿ ಕತ್ತರಿಯಾಡಿಸಬೇಕೆಂಬುದನ್ನು ಈಗ ನೋಡೋಣ.

ಮೊದಲನೆಯದು ಭಾಷೆ. ತಾಣದ ಭಾಷೆ ಕನ್ನಡವೆಂದು ಸಿದ್ಧತೆಯ ಪುಟದಲ್ಲಿ ಗೊತ್ತುಮಾಡಿರಿ. ಆಗ ತಿಂಗಳ ಹೆಸರುಗಳೂ ಗುಂಡಿಗಳ ಮೇಲಿನ ಮಾತುಗಳೂ ಕನ್ನಡವಾಗುತ್ತವೆ. ಮೇಲಾಗಿ, ಇದು ಕನ್ನಡದ ಪುಟವೆಂಬ ಗುರುತು ಪುಟದೊಳಗೆ ಸೇರಿಕೊಳ್ಳುತ್ತದೆ. ಕಣ್ಣು ಕಾಣದವರಿಗೆ ಪುಟವನ್ನು ಓದಿಹೇಳುವ ತಂತ್ರಾಂಶವು ಈ ಗುರುತನ್ನು ನೋಡಿಕೊಂಡೇ ಕನ್ನಡದ ಧ್ವನಿಯನ್ನು ಆರಿಸುತ್ತದೆ.

ಎರಡನೆಯದು ಫಾಂಟು. ಥೀಮಿನ ಜೊತೆಗೆ ಬರುವ ಫಾಂಟಿನಲ್ಲಿ ಸಾಮಾನ್ಯವಾಗಿ ಕನ್ನಡವಿರುವುದಿಲ್ಲ. ಆಗ ಓದುಗನ ಯಂತ್ರವು ತನ್ನಲ್ಲಿರುವ ಯಾವುದೋ ಕನ್ನಡದ ಫಾಂಟನ್ನು ತಂದು ತೇಪೆಹಾಕುತ್ತದೆ. ನೋಟೊ, ಲೋಹಿತ್, ಟೈರೊ ಕನ್ನಡ, ಬಲೂ ತಮ್ಮ ಮೊದಲಾದ ಯೂನಿಕೋಡ್ ಫಾಂಟುಗಳು ಎಲ್ಲರಿಗೂ ಮುಕ್ತವಾಗಿ ದೊರೆಯುತ್ತವೆ. ಬರಹಕ್ಕೊಂದು, ತಲೆಬರಹಕ್ಕೊಂದು ಫಾಂಟು ಸಾಕು. ಕನ್ನಡದ ಫಾಂಟಿನಲ್ಲಿ ಒತ್ತಕ್ಷರಗಳ ಆಕೃತಿಗಳೂ ಸೇರಿ ನೂರಾರು ಚಿತ್ರಗಳು ಇರುವುದರಿಂದ, ಫಾಂಟುಗಳ ಸಂಖ್ಯೆ ಹೆಚ್ಚಿದಷ್ಟೂ ಪುಟದ ಭಾರ ಹೆಚ್ಚುತ್ತದೆ.

ಮೂರನೆಯದು ಸಾಲುಗಳ ನಡುವಿನ ಅಂತರ. ರೋಮನ್ ಅಕ್ಷರಗಳಿಗೆ ಒತ್ತುಗಳಿಲ್ಲ. ನಮ್ಮಲ್ಲಿ ‘ರಾಷ್ಟ್ರಕೂಟ’ ಎಂದು ಬರೆದರೆ ‘ಷ’ಕಾರದ ಕೆಳಗೆ ಎರಡು ಒತ್ತುಗಳು ಇಳಿಯುತ್ತವೆ. ಅಕ್ಷರದ ಗಾತ್ರ 16 ಬಿಂದುಗಳಾಗಿದ್ದು ಸಾಲಿನ ಅಳತೆಯನ್ನು ಅದರ 1.2ರಷ್ಟು ಇಟ್ಟರೆ ಒಂದು ಸಾಲಿಗೆ ದೊರೆಯುವುದು 19.2 ಬಿಂದುಗಳು, ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದನ್ನೇ 1.7ಕ್ಕೆ ಏರಿಸಿದರೆ 27.2 ಬಿಂದುಗಳು ದೊರೆತು ಸಾಲುಗಳು ಉಸಿರಾಡುತ್ತವೆ. ತಲೆಬರಹಗಳಲ್ಲಿ ಥೀಮ್‌ಗಳು ಈ ಅಂತರವನ್ನು ಇನ್ನೂ ಕುಗ್ಗಿಸುವುದರಿಂದ ಅಲ್ಲಿ ವಿಶೇಷವಾಗಿ ಗಮನವಿಡಬೇಕು. ಅಂತೆಯೇ ಅಕ್ಷರ ಅಕ್ಷರಗಳ ನಡುವೆ ಜಾಗ ಬಿಡಿಸುವ ಆಜ್ಞೆಯಿದ್ದರೆ ಅದನ್ನು ಸೊನ್ನೆಮಾಡಿರಿ. ಓರೆ ಅಕ್ಷರಗಳನ್ನೂ ಬಿಡುವುದು ಲೇಸು. ಕನ್ನಡದ ಫಾಂಟುಗಳಲ್ಲಿ ಸಾಮಾನ್ಯವಾಗಿ ಓರೆಯ ರೂಪವಿರುವುದಿಲ್ಲ. ಬ್ರೌಸರು ನೆಟ್ಟಗಿನ ಅಕ್ಷರವನ್ನೇ ವಾಲಿಸಿ ನಿಲ್ಲಿಸುತ್ತದೆ.

ನಾಲ್ಕನೆಯದು ಪದಗಳ ಉದ್ದ. ‘ಓದಬೇಕಾಗಿರುವುದರಿಂದ’ ಎಂಬಂಥ ಪದಗಳು ನಮಗೆ ಸಹಜ. ಇಕ್ಕಟ್ಟಾದ ಪರದೆಯಲ್ಲಿ, ದೊಡ್ಡ ಅಕ್ಷರದ ತಲೆಬರಹದಲ್ಲಿ, ಇಂಥ ಪದವು ಅಂಚನ್ನು ದಾಟಿ ಹೊರಗೆ ಚಾಚುತ್ತದೆ. ಅಗತ್ಯವಾದರೆ ಪದವನ್ನು ಮುರಿಯಲು ಶೈಲಿಪತ್ರದಲ್ಲಿ ಅಪ್ಪಣೆ ಕೊಡಬೇಕು. ಫೋನಿನಲ್ಲಿ ತಲೆಬರಹದ ಗಾತ್ರವನ್ನು ತಗ್ಗಿಸಬೇಕು. ಲೇಖನದ ಸಾರವೆಂದು ವರ್ಡ್‌ಪ್ರೆಸ್ ತಾನಾಗಿ ಆಯ್ದು ತೋರಿಸುವುದು 55 ಪದಗಳನ್ನು. ಇಂಗ್ಲಿಷಿನಲ್ಲಿ ಇದು ಹದವಾದ ಅಳತೆ. ಕನ್ನಡದ 55 ಪದಗಳು ಫೋನಿನ ಪರದೆಯನ್ನು ಬಹುಮಟ್ಟಿಗೆ ತುಂಬಿಬಿಡುತ್ತವೆ. ಸಾರವನ್ನು ನೀವೇ ಎರಡು ವಾಕ್ಯಗಳಲ್ಲಿ ಬರೆಯುವುದು ಮೇಲು.

ಐದನೆಯದು ಪುಟದ ವಿಳಾಸ. ಲೇಖನದ ಹೆಸರಿನಿಂದಲೇ ತಂತ್ರಾಂಶವು ವಿಳಾಸವನ್ನು ಹುಟ್ಟಿಸುತ್ತದೆ. ಬ್ರೌಸರಿನ ಪಟ್ಟಿಯಲ್ಲಿ ಅದು ಕನ್ನಡವಾಗಿಯೇ ಕಂಡರೂ ಸಾಗಣೆಯಲ್ಲಿ ಅದರ ರೂಪವೇ ಬೇರೆ. ಕನ್ನಡದ ಪ್ರತಿಯೊಂದು ಸಂಖ್ಯೆಗೂ ಮೂರು ಬೈಟುಗಳು ಬೇಕು. ವಿಳಾಸದಲ್ಲಿ ಪ್ರತಿಯೊಂದು ಬೈಟನ್ನೂ ಶೇಕಡಾ ಚಿಹ್ನೆಯೊಡನೆ ಮೂರು ಗುರುತುಗಳಲ್ಲಿ ಬರೆಯುತ್ತಾರೆ. ‘ಸೇಡಂ’ ಎಂಬಲ್ಲಿ ನಾಲ್ಕು ಸಂಖ್ಯೆಗಳಿವೆ. ವಿಳಾಸದಲ್ಲಿ ಅದು 36 ಗುರುತುಗಳಾಗುತ್ತದೆ. ‘ಚಿತ್ತಾಪುರ’ ಎಂಬಲ್ಲಿ ಒಂಬತ್ತು. ಅದು 81 ಆಗುತ್ತದೆ. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಟ್ಟಿರುವ ಜಾಗ 200 ಗುರುತುಗಳು. ಎಂದರೆ ಕನ್ನಡದ ಇಪ್ಪತ್ತೆರಡು ಸಂಖ್ಯೆಗಳಿಗೇ ಅದು ಮುಗಿದು, ಉದ್ದವಾದ ಹೆಸರು ನಡುವೆ ತುಂಡಾಗುತ್ತದೆ. ಆದುದರಿಂದ ವಿಳಾಸದ ಭಾಗವನ್ನು ಚಿಕ್ಕದಾಗಿ, ರೋಮನ್ ಅಕ್ಷರಗಳಲ್ಲಿ ನೀವೇ ಕೊಡಬಹುದು. ಒಮ್ಮೆ ಕೊಟ್ಟುದನ್ನು ಮತ್ತೆ ಬದಲಿಸಬೇಡಿರಿ. ಉಡುಪು ಬದಲಾಗಲಿ, ಮನೆಯ ಸಂಖ್ಯೆ ಬದಲಾಗಕೂಡದು.

ಇನ್ನು ಬಣ್ಣದ ಮಾತು. ಪರದೆಯ ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳು ಇವೆಯಷ್ಟೆ. ಒಂದೊಂದನ್ನೂ 256 ಮಟ್ಟಗಳಲ್ಲಿ ಬೆಳಗಿಸಬಹುದಾದುದರಿಂದ ಒಟ್ಟು 1,67,77,216 ಬಣ್ಣಗಳು ನಿಮ್ಮ ಕೈಯಲ್ಲಿವೆ. ಇಷ್ಟೊಂದು ಸಂಪತ್ತನ್ನು ಮಿತವಾಗಿ ಬಳಸುವುದೇ ಜಾಣತನ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರಬೇಕಾದ ವ್ಯತ್ಯಾಸಕ್ಕೆ ಒಂದು ಅಳತೆಯುಂಟು. ಬಿಳಿಯ ಪ್ರಕಾಶವನ್ನು 1 ಎಂದೂ ಕಪ್ಪಿನದನ್ನು 0 ಎಂದೂ ಇಟ್ಟುಕೊಂಡು, ಎರಡಕ್ಕೂ 0.05ನ್ನು ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಬಿಳಿಯ ಮೇಲಿನ ಕಪ್ಪಿಗೆ 1.05ನ್ನು 0.05ರಿಂದ ಭಾಗಿಸಿದಾಗ 21 ಬರುತ್ತದೆ. ಸಾಮಾನ್ಯ ಗಾತ್ರದ ಬರಹಕ್ಕೆ ಈ ಅಂಕವು 4.5ಕ್ಕಿಂತ ಕಡಮೆಯಾಗಬಾರದೆಂದು ಜಾಲದ ಪ್ರಮಾಣಗಳು ವಿಧಿಸುತ್ತವೆ. ಬಿಳಿಯ ಮೇಲೆ ನಸುಬೂದು ಅಕ್ಷರಗಳನ್ನಿಡುವ ಥೀಮ್‌ಗಳು ನೋಡಲು ನಾಜೂಕಾಗಿದ್ದರೂ ನಮ್ಮ ಬೇಸಗೆಯ ಬಿಸಿಲಿನಲ್ಲಿ ಫೋನನ್ನು ಹಿಡಿದವರಿಗೆ ಏನೂ ಕಾಣಿಸುವುದಿಲ್ಲ.

ಕೊನೆಯದಾಗಿ ಭಾರ. ಫೋನಿನಲ್ಲಿ ತೆಗೆದ ಚಿತ್ರವೊಂದು 4 ಮೆಗಾಬೈಟ್ ಇರಬಹುದು. ಬೈಟಿಗೆ ಎಂಟು ಬಿಟ್ಟುಗಳಂತೆ ಅದು 32 ಮೆಗಾಬಿಟ್. ಸಂಪರ್ಕದ ವೇಗ ಸೆಕೆಂಡಿಗೆ 2 ಮೆಗಾಬಿಟ್ ಆಗಿರುವ ಹಳ್ಳಿಯಲ್ಲಿ ಆ ಒಂದು ಚಿತ್ರಕ್ಕೇ 16 ಸೆಕೆಂಡು ಕಾಯಬೇಕು. ಅದನ್ನು ಕುಗ್ಗಿಸಿ 200 ಕಿಲೋಬೈಟಿಗೆ ಇಳಿಸಿದರೆ ಒಂದು ಸೆಕೆಂಡಿನೊಳಗೆ ಬಂದುಬಿಡುತ್ತದೆ. ಚಿಂಚೋಳಿಯ ಕಾಡಿನಂಚಿನ ಹಳ್ಳಿಯ ಹುಡುಗನೊಬ್ಬನು ನಿಮ್ಮ ಲೇಖನವನ್ನು ಓದುವುದೂ ಬಿಡುವುದೂ ಈ ಲೆಕ್ಕದ ಮೇಲೆ ನಿಂತಿರಬಹುದು.

ತಿದ್ದಿದುದು ಉಳಿಯಬೇಕಾದರೆ

ಇಷ್ಟೆಲ್ಲ ತಿದ್ದಿದ ಮೇಲೆ ಒಂದು ದಿನ ಥೀಮಿನ ಹೊಸ ಆವೃತ್ತಿ ಬರುತ್ತದೆ. ಅದನ್ನು ಸ್ವೀಕರಿಸಿದೊಡನೆ ಹಳೆಯ ಕಡತಗಳ ಜಾಗದಲ್ಲಿ ಹೊಸವು ಕೂರುತ್ತವೆ, ನೀವು ತಿದ್ದಿದುದೆಲ್ಲ ಅಳಿಸಿಹೋಗುತ್ತದೆ. ಅಳಿಯುವುದೆಂದು ಹೊಸ ಆವೃತ್ತಿಯನ್ನು ತಡೆದರೆ ಕಳ್ಳರಿಗೆ ಕಿಂಡಿ ತೆರೆದಂತೆ. ಇದಕ್ಕೆ ಪರಿಹಾರವಾಗಿ ಮರಿ ಥೀಮ್ ಎಂಬುದೊಂದು ಇದೆ. ಮೂಲದ ಥೀಮನ್ನು ಮುಟ್ಟದೆ, ಅದನ್ನು ತಾಯಿಯೆಂದು ಹೆಸರಿಸುವ ಚಿಕ್ಕದೊಂದು ಶೈಲಿಪತ್ರವನ್ನು ಬೇರೆ ಕಡತಕೋಶದಲ್ಲಿಟ್ಟು, ನಿಮ್ಮ ತಿದ್ದುಪಡಿಗಳನ್ನಷ್ಟೇ ಅದರಲ್ಲಿ ಬರೆಯುವುದು. ಮರಿಯಲ್ಲಿ ಹೇಳಿದುದು ಮರಿಯಂತೆ, ಹೇಳದುದು ತಾಯಿಯಂತೆ ನಡೆಯುತ್ತದೆ. 2022ರ ಜನವರಿಯಲ್ಲಿ ಬಂದ 5.9ನೆಯ ಆವೃತ್ತಿಯಿಂದೀಚೆಗೆ ಬಳಕೆಗೆ ಬಂದಿರುವ ಹೊಸ ಬಗೆಯ ಥೀಮ್‌ಗಳಲ್ಲಿ, ಪುಟದ ಮೇಲೆಯೇ ಕೈಯಾಡಿಸಿ ಮಾಡಿದ ತಿದ್ದುಪಡಿಗಳು ಕಣಜಕ್ಕೆ ಸೇರುವುದರಿಂದ ಈ ಭಯ ಕಡಮೆ.

ಇದರ ಮರುಮುಖವೂ ಉಂಟು. ಉಡುಪು ಒಡಲಿಗೆ ಅಂಟಬಾರದು. ಒಡಲೂ ಉಡುಪಿನೊಳಗೆ ಸಿಕ್ಕಿಬೀಳಬಾರದು. ಕೆಲವು ಥೀಮ್‌ಗಳು ಬರಹವನ್ನು ತಮ್ಮದೇ ಆದ ಪೆಟ್ಟಿಗೆಗಳಲ್ಲಿ ತುಂಬಿಸಲು ಹೇಳುತ್ತವೆ. ಥೀಮನ್ನು ಬದಲಿಸಿದ ದಿನ ಆ ಪೆಟ್ಟಿಗೆಯೊಡನೆ ಬರಹವೂ ಕಣ್ಮರೆಯಾಗುತ್ತದೆ. ನಾವು ಹಳೆಯ ಫಾಂಟಿನಲ್ಲಿ ಮಾಡಿದ ತಪ್ಪೇ ಹೊಸ ವೇಷದಲ್ಲಿ ಮರಳಿ ಬಂದಂತೆ! ಇದನ್ನು ಪರೀಕ್ಷಿಸುವ ಬಗೆ ಸುಲಭ. ತಾಣದಲ್ಲಿ ಐದಾರು ಲೇಖನಗಳು ಸೇರಿದ ಮೇಲೆ ಒಮ್ಮೆ ಥೀಮನ್ನು ಬದಲಿಸಿ ನೋಡಿರಿ. ಎಲ್ಲ ಲೇಖನಗಳೂ ತಲೆಬರಹ, ಚಿತ್ರಗಳೊಡನೆ ಓದಲು ಬಂದರೆ ನಿಮ್ಮ ಕಟ್ಟಡ ಗಟ್ಟಿ. ತಿಂಗಳಿಗೊಮ್ಮೆ ಬರಹಗಳ ಪ್ರತಿಯನ್ನು ಹೊರತೆಗೆದು ಬೇರೊಂದು ಕಡೆ ಇಡುವುದನ್ನೂ ಮರೆಯಬೇಡಿರಿ. ವರ್ಡ್‌ಪ್ರೆಸ್ಸಿನ ಈ ಪ್ರತಿಯಲ್ಲಿ ಮಾತು ಇರುತ್ತದೆ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಚಿತ್ರಗಳನ್ನು ಬೇರೆಯಾಗಿ ತೆಗೆದಿಡಬೇಕು.

ಕಲ್ಲಿನ ಮಾತು, ಓಲೆಯ ಮಾತು

ಶಹಾಬಾದಿನ ಗಣಿಗಳಲ್ಲಿ ಪದರಪದರವಾಗಿ ಬಿಡಿಸಿ ತೆಗೆಯುವ ಹಾಸುಗಲ್ಲು, ನಮ್ಮವರ ಮಾತಿನಲ್ಲಿ ಪರ್ಸಿ, ನಾಡಿನ ಎಷ್ಟೋ ಮನೆಗಳ ನೆಲವಾಗಿದೆ. ಅಂಥ ಸುಣ್ಣಕಲ್ಲೇ ವಾಡಿಯ ಕುಲುಮೆಯಲ್ಲಿ ಬೆಂದು ಸಿಮೆಂಟಾಗುತ್ತದೆ. ದ್ರವ್ಯ ಒಂದು, ರೂಪ ಎರಡು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾನದಿಯ ದಂಡೆಯ ಮೇಲೆ, ಅಶೋಕನ ಶಾಸನಗಳಿವೆ. ಪ್ರಾಕೃತ ಭಾಷೆಯಲ್ಲಿ, ನಮ್ಮ ಕನ್ನಡ ಲಿಪಿಗೂ ಮೂಲವಾದ ಬ್ರಾಹ್ಮೀ ಅಕ್ಷರಗಳಲ್ಲಿ ಕೊರೆದ ಶಾಸನಗಳು ಅವು. ಎಂದೋ ಒಂದು ಕಾಲದಲ್ಲಿ ಆ ಬರಹವನ್ನು ಓದಬಲ್ಲವರು ಇಲ್ಲವಾದರು. ಅಶೋಕನ ಮಾತನ್ನು ಹೊತ್ತ ಕಲ್ಲು ಬರಿಯ ಕಲ್ಲಾಗಿ ಕಂಡು, ಕಾಳಿಯ ವಿಗ್ರಹದ ಪೀಠಕ್ಕೆ ಉಪಯೋಗವಾಯಿತು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಬಳಿಕವಷ್ಟೇ ಅದು ಮತ್ತೆ ವಿದ್ವಾಂಸರ ಕಣ್ಣಿಗೆ ಬಿದ್ದಿತು. ಕಲ್ಲು ಗಟ್ಟಿಯಾದುದು ನಿಜ. ಮಾತು ಅದರ ಆಕಾರಕ್ಕೇ ಅಂಟಿಕೊಂಡಿದ್ದುದರಿಂದ ಕಲ್ಲಿಗೆ ಬಂದ ಗತಿಯೇ ಮಾತಿಗೂ ಬಂದಿತು. ಕೆಲವೇ ಹರದಾರಿಗಳಾಚೆಯ ಮಳಖೇಡದ ಗ್ರಂಥವು ಮುರಿದುಬೀಳುವ ಓಲೆಗಳ ಮೇಲೆ ಇದ್ದರೂ, ಮರಳಿ ಮರಳಿ ಹೊಸ ಉಡುಪನ್ನು ತೊಟ್ಟು ನಮ್ಮವರೆಗೆ ನಡೆದುಬಂದಿತು.

ನಮ್ಮ ಆ ಹಳೆಯ ಲೇಖನಗಳು ಈಗ ಯೂನಿಕೋಡಿನಲ್ಲಿವೆ, ವಿದ್ಯಾರ್ಥಿಗಳ ತಾಣವೊಂದರಲ್ಲಿ ಸೇರಿವೆ. ಎರಡು ವರ್ಷಗಳಲ್ಲಿ ಆ ತಾಣದ ಉಡುಪನ್ನು ಹುಡುಗರು ಮೂರು ಸಲ ಬದಲಿಸಿದ್ದಾರೆ. ಒಂದು ಸಲ ಅವರು ಆರಿಸಿದ ಹಳದಿ ಬಣ್ಣ ನನ್ನ ಕಣ್ಣಿಗೆ ಹಿಡಿಸಲಿಲ್ಲ. ಆದರೂ ನಾನು ಸುಮ್ಮನಿದ್ದೆ. ಕಲ್ಲುಗಣಿಯನ್ನು ಕುರಿತು ನನ್ನ ಗೆಳೆಯನು ಅಂದು ಬರೆದ ಮಾತುಗಳು ಆ ಹಳದಿಯ ನಡುವೆಯೂ ಒಂದಕ್ಷರ ಕದಲದೆ ಇದ್ದುವು. ನಿಮ್ಮ ಊರಿನ ಬಾವಿಯ ನೀರಿನ ಮಟ್ಟವನ್ನು, ಹೊಲದ ಮಣ್ಣನ್ನು, ಅಜ್ಜಿಯು ಹೇಳುವ ಮಳೆನಕ್ಷತ್ರಗಳ ಲೆಕ್ಕವನ್ನು ಬರೆದಿಡಲು ನೀವೂ ಒಂದು ತಾಣವನ್ನು ಕಟ್ಟಿರಿ. ಉಡುಪನ್ನು ಕಾಲಕಾಲಕ್ಕೆ ಬದಲಿಸಿರಿ, ಒಡಲನ್ನು ಕಾಪಾಡಿರಿ.